ಅಚ್ಚಿನಂಥ ಅಕ್ಷರ ಕೈಗೆ ಬಂದೀತೇ?

ಕೈಬರಹದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ತಿಂಗಳು ಡೊಂಬಿವಲಿಯ ನಿವೃತ್ತ ಪ್ರೂಫ್ ರೀಡರ್ ಒಬ್ಬರು ಉತ್ತರಿಸಿದ್ದಾರೆ. ಮುಂಬೈಯ ಅಚ್ಚುಕೂಟಗಳಲ್ಲಿ ಮೊಳೆಯ (ಅಚ್ಚಿಗಾಗಿ ಒಂದೊಂದೇ ಜೋಡಿಸುವ ಸೀಸದ ಅಕ್ಷರ) ಕಾಲದಿಂದ ಕಂಪ್ಯೂಟರಿನ ಕಾಲದವರೆಗೆ ಕನ್ನಡದ ಪ್ರೂಫ್ ತಿದ್ದಿದವರು ಅವರು.

ಪ್ರಶ್ನೆ: ಮೇಡಂ, ನಾನು ಪುಣೆಯ ಕೋಥ್ರೂಡಿನಲ್ಲಿರುವ ಸಾಫ್ಟ್‌ವೇರ್ ಎಂಜಿನಿಯರ್. ಊರು ಧಾರವಾಡ. ಅಜ್ಜನ ಟ್ರಂಕಿನಲ್ಲಿ ಒಂದು ಹಳೆಯ ಕನ್ನಡ ಪುಸ್ತಕ ಸಿಕ್ಕಿತು. ಮೊಳೆ ಜೋಡಿಸಿ ಅಚ್ಚು ಹಾಕಿದ್ದು. ಆ ಅಕ್ಷರಗಳ ದುಂಡು ನನಗೆ ತುಂಬಾ ಹಿಡಿಸಿತು. ನನ್ನ ಕೈಬರಹವೂ ಹಾಗೇ ಆಗಬೇಕೆಂದು ದಿನಾ ರಾತ್ರಿ ನೋಡಿ ನೋಡಿ ಬರೆಯುತ್ತಿದ್ದೇನೆ. ಒಂದು ಸಾಲಿಗೆ ಐದು ನಿಮಿಷ ಹಿಡಿಯುತ್ತದೆ. ಬರೆದದ್ದೂ ಅಕ್ಷರದ ಚಿತ್ರದ ಹಾಗೆ ಕಾಣುತ್ತದೆ. ಆಫೀಸಿನಲ್ಲಿ ಬೇಗ ಬರೆಯುವಾಗ ಮತ್ತೆ ನನ್ನ ಹಳೆಯ ಕೋಳಿಕಾಲೇ ಬರುತ್ತದೆ. ಇದು ಆಗುವ ಕೆಲಸವೇ?

ಉತ್ತರ: ಆಗುತ್ತದೆ. ಆದರೆ ಸದ್ಯಕ್ಕೆ ನೀವು ಮಾಡುತ್ತಿರುವುದು ಡ್ರಾಯಿಂಗ್.

ಮೊಳೆಯ ಅಕ್ಷರದಲ್ಲಿ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಪೂರ. ನಿಮ್ಮ ಕೈಯಲ್ಲಿರುವುದು ಬಾಲ್ ಪೆನ್ನೋ ಜೆಲ್ ಪೆನ್ನೋ ಇರಬೇಕು. ಅದರ ಗೆರೆ ಮೊದಲಿಂದ ಕೊನೆಯವರೆಗೆ ಒಂದೇ ದಪ್ಪ. ಆ ಪೆನ್ನಿನಲ್ಲಿ ದಪ್ಪ ತರಬೇಕಾದರೆ ಒಂದೇ ಗೆರೆಯ ಮೇಲೆ ಎರಡೆರಡು ಸಲ ಓಡಾಡಬೇಕು, ಅಂಚು ತೀಡಬೇಕು. ನಿಮ್ಮ ಐದು ನಿಮಿಷ ಅಲ್ಲೇ ಹೋಗುತ್ತಿದೆ. ದಪ್ಪ, ಸಪೂರ ಎರಡನ್ನೂ ಸದ್ಯಕ್ಕೆ ಮರೆತುಬಿಡಿ. ಅವು ಅಕ್ಷರದ ಮಾಂಸ. ನಿಮಗೆ ಬೇಕಾಗಿರುವುದು ಒಳಗಿನ ಎಲುಬು.

ಎಲುಬು ತೆಗೆಯುವುದು ಹೀಗೆ. ಪುಸ್ತಕದ ಒಂದೇ ಒಂದು ಪುಟವನ್ನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ. ಮೂರು ಪಟ್ಟಾದರೂ ಇರಲಿ. ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಪೆನ್ಸಿಲಿನಲ್ಲಿ ಪ್ರತಿ ಗೆರೆಯ ನಟ್ಟನಡುವೆ ಮಾತ್ರ ಒಂದು ತೆಳು ಗೆರೆ ಎಳೆಯಿರಿ. ಅಂಚು ಮುಟ್ಟಬೇಡಿ. ಪುಟವಿಡೀ ಬೇಕಿಲ್ಲ, ಐದಾರು ಸಾಲು ಸಾಕು. ಅಪ್ಪಾ ಬಳವಂತ ಚೌಕ ನಿಮಗೆ ಹತ್ತಿರವೇ ಇದೆ, ಟ್ರೇಸಿಂಗ್ ಪೇಪರಿಗೆ ಬೇರೆಲ್ಲೂ ಅಲೆಯಬೇಕಾಗಿಲ್ಲ. ಈಗ ಝೆರಾಕ್ಸ್ ತೆಗೆದು ಬರೀ ಟ್ರೇಸಿಂಗ್ ನೋಡಿ. ನಿಮಗೆ ಹಿಡಿಸಿದ ಆ ದುಂಡು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುತ್ತದೆ.

ಸಾಮಾನ್ಯವಾಗಿ ಅದು ಮೂರ್ನಾಲ್ಕು ಕಡೆಯಿಂದ ಬರುತ್ತದೆ. ಒಂದು, ಅಕ್ಷರದ ಹೊಟ್ಟೆ. ‘ರ’, ‘ದ’, ‘ಠ’ ಇವುಗಳ ಹೊಟ್ಟೆ ಪೂರ್ತಿ ವೃತ್ತವೋ, ಅಡ್ಡಕ್ಕೆ ಒತ್ತಿದ ವೃತ್ತವೋ ನೋಡಿ. ಇನ್ನೊಂದು ತಲಕಟ್ಟು. ಅದು ಎಷ್ಟು ಉದ್ದ, ಎಷ್ಟು ಓರೆ, ತುದಿಯಲ್ಲಿ ಮೇಲಕ್ಕೆ ಬಾಗುತ್ತದೋ ಸುಮ್ನೆ ನಿಲ್ಲುತ್ತದೋ. ಆಮೇಲೆ ಒತ್ತಕ್ಷರ. ಮೇಲಿನ ಅಕ್ಷರಕ್ಕೆ ಹೋಲಿಸಿದರೆ ಅದರ ಗಾತ್ರ ಎಷ್ಟು, ನೇರ ಕೆಳಗಿದೆಯೋ ಬಲಕ್ಕೆ ಸರಿದಿದೆಯೋ. ಕೊನೆಯದು ಬಿಡುವು. ಅದಕ್ಕೆ ಆಮೇಲೆ ಬರುತ್ತೇನೆ.

ತಲಕಟ್ಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಕನ್ನಡದ ಕೈಬರಹ ಕೆಡುವುದೂ ಸುಧಾರಿಸುವುದೂ ಅಲ್ಲೇ. ನಾವು ಚಿಕ್ಕವರಿದ್ದಾಗ ರಾಗವಾಗಿ ಹೇಳುತ್ತಿದ್ದೆವು: ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು. ಆ ಹಾಡಿನಲ್ಲೇ ಪಾಠ ಇದೆ. ‘ಕ’ದ ತಲೆಯ ಮೇಲಿನ ಗೆರೆ ‘ಕ’ದ ಮೈಗೆ ಸೇರಿದ್ದಲ್ಲ, ಅದು ‘ಅ’ಕಾರದ ಗುರುತು. ಗುಡಿಸು ಬಂದರೆ ತಲಕಟ್ಟು ಹೋಗುತ್ತದೆ. ಏತ್ವ ಬಂದರೂ ಹೋಗುತ್ತದೆ. ಅಂದರೆ ಕಾಗುಣಿತದ ಬಹುಪಾಲು ಒಂದೇ ಮೈ, ಬೇರೆ ಬೇರೆ ತಲೆ. ಹಾಗಾಗಿ ನಿಮ್ಮ ಪುಸ್ತಕದ ‘ಕ’ ಕಲಿಯುವಾಗ ತಲಕಟ್ಟಿಲ್ಲದ ಮೈಯನ್ನು ಮೊದಲು ಬರೆಯಿರಿ. ಅದು ಕೂತ ಮೇಲೆ ಒಂದೊಂದೇ ತಲೆ ಹಚ್ಚಿ. ಖ, ಜ, ಟ, ಣ, ಬ, ಲ ಇವಕ್ಕೆ ತಲಕಟ್ಟೇ ಕಾಣುವುದಿಲ್ಲ. ಆ ಆರು ಅಕ್ಷರಗಳನ್ನು ಬೇರೆಯಾಗಿಯೇ ಅಭ್ಯಾಸ ಮಾಡಿ, ಯಾಕೆಂದರೆ ಸಾಲಿನ ಮೇಲಂಚು ಅಲ್ಲಿ ತಗ್ಗಿದ ಹಾಗೆ ಕಾಣುತ್ತದೆ. ಮೊಳೆ ಕೊರೆದವರು ಅದನ್ನು ಹೇಗೆ ಸರಿದೂಗಿಸಿದ್ದಾರೆ ಎಂದು ಭೂತಗನ್ನಡಿ ಹಿಡಿದು ನೋಡಿ. ನನಗಂತೂ ಇದು ಪ್ರೂಫ್ ತಿದ್ದುವುದಕ್ಕಿಂತ ಖುಷಿಯ ಕೆಲಸವಾಗಿತ್ತು.

ವರ್ಣಮಾಲೆಯನ್ನು ‘ಅ’ದಿಂದ ‘ಳ’ದವರೆಗೆ ಬರೆಯುತ್ತಾ ಕೂರಬೇಡಿ. ‘ಝ’, ‘ಙ’, ‘ಞ’ ತಿದ್ದಿ ಏನು ಮಾಡುತ್ತೀರಿ? ವರ್ಷಕ್ಕೆ ಎಷ್ಟು ಸಲ ಬರೆಯುತ್ತೀರಿ ಅವನ್ನು? ನ, ದ, ರ, ತ, ಲ, ಗ, ವ, ಯ ಇವು ಹಿಡಿತಕ್ಕೆ ಬಂದರೆ ಪುಟದ ಮುಖವೇ ಬದಲಾಗುತ್ತದೆ. ಇವುಗಳಲ್ಲಿ ‘ಯ’ ಹಟಮಾರಿ. ಅದನ್ನು ಕೊನೆಗಿಡಿ.

ನೀವು ಕೇಳಿದ ಮುಖ್ಯ ಪ್ರಶ್ನೆ ವೇಗದ್ದು, ಅಲ್ವಾ? ಒಂದೇ ವಾಕ್ಯ ಆರಿಸಿಕೊಳ್ಳಿ. ಮೊದಲು ಟ್ರೇಸಿಂಗ್ ಪಕ್ಕಕ್ಕಿಟ್ಟುಕೊಂಡು ನಿಧಾನಕ್ಕೆ ಬರೆಯಿರಿ. ಆಮೇಲೆ ಅದನ್ನು ಮುಚ್ಚಿಟ್ಟು, ಆಫೀಸಿನಲ್ಲಿ ಬರೆಯುವ ವೇಗದಲ್ಲಿ ಅದೇ ವಾಕ್ಯ ಬರೆಯಿರಿ. ಎರಡನ್ನೂ ಹೋಲಿಸಿ. ಅಚ್ಚಿನ ಯಾವ ಗುಣ ವೇಗದಲ್ಲೂ ಉಳಿಯಿತೋ ಅದು ನಿಮ್ಮದಾಯಿತು. ಉಳಿಯದೇ ಹೋದದ್ದನ್ನು ಇನ್ನೊಮ್ಮೆ ಪ್ರಯತ್ನಿಸಿ. ಆಗಲೂ ಉಳಿಯದಿದ್ದರೆ ಕೈಬಿಡಿ. ಆ ಪುಸ್ತಕದಿಂದ ನಾಲ್ಕು ಗುಣ ನಿಮ್ಮ ಕೈಗೆ ಬಂದರೂ ಜನ ಗುರುತಿಸುವಂಥ ಕೈಬರಹ ಆಗುತ್ತದೆ. ಎಲ್ಲವೂ ಬರಬೇಕೆಂದು ಹಟ ಹಿಡಿದವರ ಅಕ್ಷರ ಮದುವೆ ಕಾಗದದ ಮೇಲೆ ಮಾತ್ರ ಚೆನ್ನಾಗಿರುತ್ತದೆ.

ಹೀಗೆ ಆರಿಸಿಕೊಳ್ಳುವುದಕ್ಕೆ ಸಂಕೋಚ ಬೇಡ. ಅಚ್ಚಿನವರೂ ಕೈಬರಹದಿಂದ ತಮಗೆ ಬೇಕಾದ್ದನ್ನು ಮಾತ್ರ ಎತ್ತಿಕೊಂಡವರೇ. 1501ರಲ್ಲಿ ವೆನಿಸ್ಸಿನ ಆಲ್ಡಸ್ ಮನುಶಿಯಸ್ ಎಂಬ ಮುದ್ರಕ ಓರೆ ಅಕ್ಷರದಲ್ಲಿ ಒಂದು ಇಡೀ ಪುಸ್ತಕ ಅಚ್ಚು ಹಾಕಿದ. ಆ ಅಚ್ಚು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಅಲ್ಲಿನ ವಿದ್ವಾಂಸರು ಬೇಗ ಬರೆಯುವಾಗಿನ ಕೈಬರಹವೇ ಅವರಿಗೆ ಮಾದರಿ. ಇವತ್ತು ನಾವು ಇಟಾಲಿಕ್ ಎನ್ನುವುದು ಅದರ ಸಂತಾನ. ನಮ್ಮ ಕನ್ನಡದ ಕಥೆ ಇನ್ನೂ ಸ್ವಾರಸ್ಯ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದಕ್ಕೆ ಮೊಳೆ ಜೋಡಿಸಲಿಲ್ಲ, ಕಲ್ಲಚ್ಚಿನಲ್ಲಿ ಹಾಕಿದರು. ಕಲ್ಲಚ್ಚು ಅಂದರೆ ಜಿಡ್ಡಿನ ಮಸಿಯಲ್ಲಿ ಕೈಯಿಂದ ಬರೆದದ್ದೇ ಕಲ್ಲಿನ ಮೇಲೆ ಕೂತು ಕಾಗದಕ್ಕೆ ಬರುವುದು. ನಮ್ಮ ಮೊದಲ ಪತ್ರಿಕೆಯನ್ನು ಓದಿದವರು ಓದಿದ್ದು ಯಾರದೋ ಕೈಬರಹವನ್ನೇ.

ಇನ್ನು ಬಿಡುವು. ಮೊಳೆ ಜೋಡಿಸುವಾಗ ಸಾಲು ಸಾಲಿನ ನಡುವೆ ಸೀಸದ ತೆಳು ಪಟ್ಟಿ ಇಡುತ್ತಿದ್ದರು. ಕನ್ನಡಕ್ಕೆ ಅದು ಜಾಸ್ತಿಯೇ ಬೇಕು, ಕೆಳಗೆ ಒತ್ತು ಇಳಿಯುತ್ತದೆ, ಕೆಳಗಿನ ಸಾಲಿನಿಂದ ಗುಡಿಸು ಏಳುತ್ತದೆ. ನೀವು ಬರೆಯುವ ನೋಟ್‌ಬುಕ್ಕಿನ ಗೆರೆ ಒತ್ತನ್ನು ಲೆಕ್ಕ ಹಿಡಿದು ಹಾಕಿದ್ದಲ್ಲ. ಅಚ್ಚಿನ ಅಳತೆ ಬೇಕೆಂದರೆ ಅಕ್ಷರವನ್ನು ಚಿಕ್ಕದು ಮಾಡಿ, ಎರಡು ಗೆರೆಗಳ ನಡುವಿನ ಜಾಗದ ಅರ್ಧಕ್ಕಿಂತ ಕಡಿಮೆ. ಎರಡೇ ದಿನದಲ್ಲಿ ವ್ಯತ್ಯಾಸ ಕಾಣುತ್ತದೆ. ಅಕ್ಷರಕ್ಕೆ ಅಕ್ಷರ ತಾಗಿಸಬೇಡಿ. ಪದ ಪದದ ನಡುವೆ ಒಂದು ‘ರ’ ಹಿಡಿಯುವಷ್ಟು ಜಾಗ ಸಾಕು.

ಪ್ರಶ್ನೆ: ಅಕ್ಕಾವರೇ, ನಮಸ್ಕಾರ. ನಾವು ಹುಬ್ಬಳ್ಳಿ ಕಡೆಯವರು, ಗೋವಾದ ವಾಸ್ಕೋದಲ್ಲಿದ್ದೇವೆ. ಮಗಳು ಒಂಬತ್ತನೇ ಕ್ಲಾಸು. ಕಥೆ ಪುಸ್ತಕ ಓದಿ ಓದಿ ಇಂಗ್ಲಿಷಿನ ಚಿಕ್ಕ ‘ಎ’ ಮತ್ತು ಚಿಕ್ಕ ‘ಜಿ’ಯನ್ನು ಪುಸ್ತಕದಲ್ಲಿ ಅಚ್ಚಾದ ಹಾಗೇ ಬರೆಯುತ್ತಾಳೆ. ‘ಎ’ಯ ಮೇಲೊಂದು ಕೊಕ್ಕೆ, ‘ಜಿ’ಗೆ ಕನ್ನಡಕದಂಥ ಎರಡು ಸುತ್ತು. ಶಾಲೆಯಲ್ಲಿ ಇದು ತಪ್ಪು ಎಂದು ಕೆಂಪು ಗೆರೆ ಹಾಕಿದ್ದಾರೆ. ಅವಳು ಬಿಡಲೊಲ್ಲಳು. ಯಾರು ಸರಿ?

ಉತ್ತರ: ತಂಗಿ, ಅಕ್ಷರ ತಪ್ಪಲ್ಲ. ಜಗತ್ತಿನ ಅರ್ಧ ಪುಸ್ತಕಗಳು ಅದೇ ‘ಎ’ಯಲ್ಲಿ ಅಚ್ಚಾಗಿವೆ. ಕೊಕ್ಕೆ ಇಲ್ಲದ ‘ಎ’ಯೂ ಅಚ್ಚಿನಲ್ಲಿದೆ. ಓರೆ ಅಕ್ಷರದಲ್ಲಿ ಅದೇ ಬರುತ್ತದೆ. 1927ರಲ್ಲಿ ಪೌಲ್ ರೆನ್ನರ್ ಮಾಡಿದ ಫ್ಯೂಚುರಾ ಎಂಬ ಅಚ್ಚಿನಲ್ಲೂ ‘ಎ’ ಅಂದರೆ ಒಂದು ಸುತ್ತು, ಪಕ್ಕದಲ್ಲಿ ಒಂದು ಗೆರೆ, ಅಷ್ಟೇ. ಹಾಗಾಗಿ ಅಚ್ಚೇ ಸರಿ, ಕೈಬರಹ ತಪ್ಪು ಎನ್ನುವ ವಾದವನ್ನು ಅವಳೂ ಹೂಡುವಂತಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಕೊಕ್ಕೆಯ ‘ಎ’ ಇಟ್ಟುಕೊಳ್ಳಲಿ. ಅದು ‘ಓ’ ಜೊತೆ ಗೊಂದಲ ಆಗುವುದಿಲ್ಲ, ಅಭ್ಯಾಸವಾದರೆ ವೇಗಕ್ಕೂ ಅಡ್ಡಿಯಿಲ್ಲ. ಕನ್ನಡಕದ ‘ಜಿ’ ಬಿಡಲಿ. ಅದನ್ನು ಬರೆಯುವಷ್ಟರಲ್ಲಿ ಪಕ್ಕದವಳು ಒಂದು ಪದ ಮುಗಿಸಿರುತ್ತಾಳೆ, ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಅದು ಹೊರೆ. ಟೀಚರ್ ಹತ್ತಿರ ಜಗಳಕ್ಕೆ ಹೋಗಬೇಡಿ. ಒಂದು ಪುಟ ವೇಗವಾಗಿ ಬರೆಸಿಕೊಂಡು ಹೋಗಿ ತೋರಿಸಿ, ಓದಲು ಎಲ್ಲಿ ತೊಡಕಾಗುತ್ತದೆ ಎಂದು ಕೇಳಿ. ಓದಲು ಬಂದರೆ ಅವರೂ ಕೆಂಪು ಪೆನ್ನು ಕೆಳಗಿಡುತ್ತಾರೆ.

ಗೋವಾದಲ್ಲಿದ್ದೀರಿ, ಮಗಳಿಗೆ ಇದನ್ನೂ ಹೇಳಿ. ಭಾರತಕ್ಕೆ ಮೊದಲ ಅಚ್ಚಿನ ಯಂತ್ರ ಬಂದದ್ದು ನಿಮ್ಮಲ್ಲಿಗೇ, 1556ರಲ್ಲಿ, ಹಳೇ ಗೋವಾಕ್ಕೆ. ಆಮೇಲೆ 1616ರಲ್ಲಿ ನಿಮ್ಮ ಗೋವಾದ್ದೇ ರಾಯ್ತೂರಿನಲ್ಲಿ ಥಾಮಸ್ ಸ್ಟೀಫನ್ಸ್ ಎಂಬ ಪಾದ್ರಿಯ ‘ಕ್ರಿಸ್ತಪುರಾಣ’ ಅಚ್ಚಾಯಿತು. ಭಾಷೆ ಮರಾಠಿ, ನಡುನಡುವೆ ಕೊಂಕಣಿ. ಆದರೆ ನಾಗರಿ ಮೊಳೆ ಇರಲಿಲ್ಲ, ಹಾಗಾಗಿ ಓವಿ ಎಂಬ ಅದರ ಪದ್ಯಗಳನ್ನೆಲ್ಲ ರೋಮನ್ ಅಕ್ಷರದಲ್ಲೇ ಹಾಕಿದರು. ಅಚ್ಚಿಗೆ ಮೊಳೆ ಇದ್ದಷ್ಟೇ ಅಕ್ಷರ. ನಿಮ್ಮ ಮಗಳ ಕೈಗೆ ಆ ತೊಂದರೆ ಇಲ್ಲ, ಬೇಕಾದ ‘ಎ’ ಬರೆಯಬಹುದು.

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ತುಂಗಾ ಫಾಂಟ್ ಇದೆ. ಕೈಬರಹಕ್ಕೆ ಅದನ್ನೇ ಮಾದರಿ ಇಟ್ಟುಕೊಳ್ಳಬಹುದೇ? ಬೇರೆ ಒಳ್ಳೆಯದು ಇದ್ದರೆ ತಿಳಿಸಿ. (ಅಂಧೇರಿಯ ಕಾಲೇಜು ವಿದ್ಯಾರ್ಥಿ)

ಉತ್ತರ: ಇಟ್ಟುಕೊಳ್ಳಬಹುದು. ತುಂಗಾ ನಮ್ಮ ಮುಂಬೈಯಲ್ಲೇ ರೂಪುಗೊಂಡದ್ದು. ಪೊವಾಯಿಯ ಐಐಟಿಯಲ್ಲಿ ಅಕ್ಷರ ವಿನ್ಯಾಸ ಕಲಿಸಿದ ಆರ್.ಕೆ. ಜೋಶಿಯವರ (1936–2008) ಮುಂದಾಳತ್ವದಲ್ಲಿ ಆದ ಕೆಲಸ. ವಿಂಡೋಸ್ ಎಕ್ಸ್‌ಪಿ ಜೊತೆ ಮನೆಮನೆಗೆ ಬಂತು. ಜೋಶಿಯವರು ಮೂಲತಃ ಕೈಯಿಂದ ಬರೆಯುವವರು, ಕ್ಯಾಲಿಗ್ರಫಿ ಅವರ ಉಸಿರು. ಪರದೆಯ ಮೇಲೆ ಚಿಕ್ಕ ಗಾತ್ರದಲ್ಲಿ ಓದಲಿ ಎಂದು ಮಾಡಿದ ಅಕ್ಷರವಾದ್ದರಿಂದ ಗೆರೆ ತೆಳು. ಅದೇ ನಿಮಗೆ ಅನುಕೂಲ. ಮೇಲೆ ಪುಣೆಯವರಿಗೆ ಹೇಳಿದ ಟ್ರೇಸಿಂಗ್ ಕೆಲಸ ಅರ್ಧಕ್ಕರ್ಧ ಉಳಿಯುತ್ತದೆ.

ಗೂಗಲ್ ಫಾಂಟ್ಸ್‌ನಲ್ಲಿ ದುಡ್ಡಿಲ್ಲದೆ ಸಿಗುವ ಇನ್ನೂ ಕೆಲವನ್ನು ನೋಡಿ. ಮುಂಬೈಯ ಏಕ್ ಟೈಪ್ ತಂಡದ ‘ಅನೇಕ್ ಕನ್ನಡ’ ಇಕ್ಕಟ್ಟಿನಿಂದ ಅಗಲದವರೆಗೆ ಹಲವು ಅಳತೆಯಲ್ಲಿದೆ. ನಿಮ್ಮ ಕೈಗೆ ಯಾವ ಅಗಲ ಹೊಂದುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯದು ಕಾಣೆ. ಅವರದೇ ‘ಬಾಲೂ ತಮ್ಮ’ ಗುಂಡುಗುಂಡಾಗಿ ಮುದ್ದಾಗಿದೆ, ಆದರೆ ಪೋಸ್ಟರಿಗೆ, ಮಾರ್ಕರಿಗೆ ಸರಿ. ಅದನ್ನು ನೋಡಿ ನೋಟ್ಸ್ ಬರೆದರೆ ಪುಟಕ್ಕೆ ಆರೇ ಸಾಲು ಹಿಡಿಯುತ್ತದೆ. ಹಳೆಯ ಪುಸ್ತಕದ ದಪ್ಪ ಸಪೂರ ಬೇಕಾದವರಿಗೆ ‘ಟಿರೊ ಕನ್ನಡ’. ಒಂದನ್ನು ಆರಿಸಿ. ಮೂರನ್ನೂ ಬೆರೆಸಿದರೆ ಯಾವುದೂ ಕೂರುವುದಿಲ್ಲ.

ಪ್ರಶ್ನೆ: ಮೊಮ್ಮಕ್ಕಳು ಮರಾಠಿ ಮಾಧ್ಯಮ. ಮನೆಯಲ್ಲಿ ನಾನೇ ಕನ್ನಡ ಕಲಿಸುತ್ತೇನೆ. ಅವರು ಕನ್ನಡ ಬರೆದರೆ ತಲಕಟ್ಟುಗಳೆಲ್ಲ ಸೇರಿ ಮೇಲೊಂದು ಉದ್ದ ಗೆರೆಯಾಗುತ್ತದೆ, ನಾಗರಿಯ ಹಾಗೆ! ಏನು ಮಾಡಲಿ? (ಮಾಟುಂಗಾದ ಹಿರಿಯರು)

ಉತ್ತರ: ರಾಯರೇ, ಈ ದೂರು ನನಗೆ ಮುಲುಂಡಿನಿಂದ, ಠಾಣೆಯಿಂದ, ನಮ್ಮ ಡೊಂಬಿವಲಿಯಿಂದ ಎಲ್ಲ ಕಡೆಯಿಂದ ಬರುತ್ತದೆ. ಬೆಂಗಳೂರಿನ ಮಗು ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ನೋಡಿಯೇ ಅರ್ಧ ಕನ್ನಡ ಕಲಿಯುತ್ತದೆ. ಇಲ್ಲಿ ಮಕ್ಕಳು ಮನೆಯ ಹೊರಗೆ ನೋಡುವುದೆಲ್ಲ ನಾಗರಿ. ಅವರಿಗೆ ಕನ್ನಡ ಕಾಣುವುದು ಪುಸ್ತಕದಲ್ಲಿ, ಪತ್ರಿಕೆಯಲ್ಲಿ ಮಾತ್ರ. ಹಾಗಾಗಿ ಮುಂಬೈಯ ಮಕ್ಕಳಿಗೆ ಅಚ್ಚೇ ಮೇಷ್ಟ್ರು, ಬೇರೆ ದಾರಿ ಇಲ್ಲ.

ನಾಗರಿ ಅಕ್ಷರ ಮೇಲಿನ ಗೆರೆಯಿಂದ ಕೆಳಗೆ ತೂಗುತ್ತದೆ. ಕನ್ನಡದ ಅಕ್ಷರ ಕೆಳಗಿನ ಗೆರೆಯ ಮೇಲೆ ಕೂರುತ್ತದೆ. ಇದನ್ನು ಒಮ್ಮೆ ತೋರಿಸಿ. ಆಮೇಲೆ ನಿಮ್ಮ ಮನೆಗೆ ಬರುವ ಕನ್ನಡ ಪತ್ರಿಕೆಯ ದಪ್ಪ ಶೀರ್ಷಿಕೆ ಕತ್ತರಿಸಿ, ಅಕ್ಷರ ಅಕ್ಷರವಾಗಿ ತುಂಡು ಮಾಡಿ ಕೊಡಿ. ಗೆರೆಯ ಮೇಲೆ ಅಂಟಿಸಿ ಪದ ಮಾಡಲಿ. ಪ್ರತಿ ಅಕ್ಷರಕ್ಕೂ ಅದರದ್ದೇ ತಲೆ ಎಂದು ಕತ್ತರಿಯೇ ಕಲಿಸುತ್ತದೆ. ಬರೆಸುವಾಗ ಮೊದಲು ಬ, ಲ, ಟ, ಜ ಬರುವ ಪದಗಳನ್ನು ಕೊಡಿ: ಬಲ, ಜಲ, ಬಟಾಟೆ. ಕೊನೆಯದಕ್ಕೆ ಅರ್ಥ ಹೇಳಬೇಕಾಗಿಲ್ಲ, ಮರಾಠಿಯಲ್ಲೇ ಗೊತ್ತಿರುತ್ತದೆ.

ಇನ್ನೊಂದು ಮಾತು. ಚಿಕ್ಕವರಿರುವಾಗಲೇ ಗೊಂದಲದ ಜೋಡಿಗಳನ್ನು ತಿದ್ದಿಬಿಡಿ. ‘ವು’ ಬರೆಯುವಾಗ ಕೊಂಬು ಕೆಳಗಿಂದ ಸುತ್ತಿ ಬರಬೇಕು. ಪಕ್ಕಕ್ಕೆ ಅಂಟಿಸಿದರೆ ‘ಬೇವು’ ಹೋಗಿ ‘ಬೇಮ’ ಆಗುತ್ತದೆ. ‘ರ’ದ ಹೊಟ್ಟೆಯಲ್ಲಿ ಪೆನ್ನು ತಾಗಿ ಚುಕ್ಕೆ ಬಿದ್ದರೆ ‘ಠ’. ಅರ್ಕಾವೊತ್ತು ದೊಡ್ಡದಾದರೆ ಕನ್ನಡದ ಒಂಬತ್ತು. ಕೈಬರಹದ ಪ್ರತಿಗಳನ್ನು ಓದಿ ಕಣ್ಣು ಸವೆಸಿಕೊಂಡವಳು ಹೇಳುತ್ತಿದ್ದೇನೆ, ಲೇಖಕರು ಮುಪ್ಪಿನಲ್ಲೂ ಇವನ್ನು ತಿದ್ದಿಕೊಳ್ಳುವುದಿಲ್ಲ.

ಪ್ರಶ್ನೆ: ನನ್ನ ತಾಯಿಯ ಕೈಬರಹ ಮುತ್ತಿನಂತಿದೆ. ಅದನ್ನೇ ಫಾಂಟ್ ಮಾಡಿಸಬಹುದೇ? (ನವಿ ಮುಂಬೈ)

ಉತ್ತರ: ಮಾಡಬಹುದು, ಆದರೆ ಇಂಗ್ಲಿಷಿನಷ್ಟು ಸುಲಭವಲ್ಲ. 34 ವ್ಯಂಜನ, ಪ್ರತಿಯೊಂದಕ್ಕೂ ತಲಕಟ್ಟಿಲ್ಲದ ಮೈ, ಗುಡಿಸು ಸೇರಿದ ರೂಪ, ಒತ್ತು, ಅದರ ಮೇಲೆ ‘ಕ್ಷ’, ‘ಜ್ಞ’, ಸ್ವರಗಳು, ಅಂಕಿಗಳು. ಕಂಪ್ಯೂಟರುಗಳು ಬಳಸುವ ಯೂನಿಕೋಡ್ ಎಂಬ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ ಮೀಸಲಿಟ್ಟ ಜಾಗ 128 ಇದ್ದರೂ ಫಾಂಟಿನೊಳಗೆ ಬೇಕಾಗುವ ರೂಪಗಳು ಅದಕ್ಕಿಂತ ಎಷ್ಟೋ ಜಾಸ್ತಿ. ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಬಹುದು, ತಾಳ್ಮೆ ಬೇಕು. ಅದೇನೇ ಇರಲಿ, ಈ ವಾರವೇ ತಾಯಿಯವರಿಂದ ಪೂರ್ತಿ ಕಾಗುಣಿತ ಮತ್ತು ಒತ್ತಕ್ಷರ ಬರೆಸಿಟ್ಟುಕೊಳ್ಳಿ. ಬಿಳಿ ಕಾಗದ, ಕಪ್ಪು ಮಸಿ, ದೊಡ್ಡ ಅಕ್ಷರ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಡಿ. ಫಾಂಟ್ ಯಾವಾಗ ಬೇಕಾದರೂ ಮಾಡಬಹುದು.

ಪ್ರಶ್ನೆ: ಅಚ್ಚಿನಂಥ ಅಕ್ಷರಕ್ಕೆ ಯಾವ ಪೆನ್ನು ಒಳ್ಳೆಯದು? (ಪಣಜಿ)

ಉತ್ತರ: ಆರು ತಿಂಗಳು ಪೆನ್ಸಿಲ್. ಆಮೇಲೆ ನಿಮಗೆ ಅಭ್ಯಾಸವಿರುವ ಯಾವುದಾದರೂ ತೆಳು ಪೆನ್ನು. ದಪ್ಪ ಸಪೂರದ ಆಸೆ ಇನ್ನೂ ಉಳಿದಿದ್ದರೆ ಆಗ ಕಟ್ ನಿಬ್ಬಿನ, ಅಂದರೆ ಚಪ್ಪಟೆ ತುದಿಯ ಪೆನ್ನು ಕೊಳ್ಳಿ. ಕ್ಯಾಮ್ಲಿನ್‌ನವರದು ಸಿಗುತ್ತದೆ, ಆರಂಭಕ್ಕೆ ಧಾರಾಳ ಸಾಕು. ನಿಬ್ಬನ್ನು ಒಂದೇ ಕೋನದಲ್ಲಿ ಹಿಡಿಯಿರಿ, ತಿರುಗಿಸಬೇಡಿ. ದಪ್ಪ ಎಲ್ಲಿ ಬರಬೇಕೋ ನಿಬ್ಬೇ ನೋಡಿಕೊಳ್ಳುತ್ತದೆ. ಮುಂಬೈಗೆ ಬಂದಾಗ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟಿಗೆ ಹೋಗಿ. ಭಾನುವಾರ ಬೇಡ. ಅಂಗಡಿಯವನು ತೋರಿಸುವ ಹತ್ತು ನಿಬ್ಬಿನ ಸೆಟ್ಟೂ ಬೇಡ, ಎರಡು ಮಿಲಿಮೀಟರಿನದು ಒಂದು ಸಾಕು.